ಈಗ ಅವಳ ಕಾಲಿಗೆ ಏನಿದೆ ಎಂದು ಕೇಳಿದವರು

ಬಸವಕುಮಾರ್
ದೈಹಿಕ ಶಿಕ್ಷಣ ನಿರ್ದೇಶಕ, ಅರಸೀಕೆರೆ

ಓಟಗಾರರ ಕಾಲನ್ನು, ಎಸೆತಗಾರರ ಭುಜವನ್ನು, ಜಿಗಿತಗಾರರ ಮೊಣಕಾಲನ್ನು ಬಲ್ಲವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ಕಾಲು, ಭುಜ, ಮೊಣಕಾಲುಗಳನ್ನೆಲ್ಲ ನಡೆಸುವ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ವೈದ್ಯರಿದ್ದಾರೆ, ಅದನ್ನು ಮೊದಲು ಕಾಣಬೇಕಾದವನು ದಿನಾ ಎದುರಿಗೆ ನಿಲ್ಲುವ ತರಬೇತುದಾರನೇ ಎಂಬುದನ್ನು ನಮಗೆ ತಿಳಿಹೇಳುವ ಕೆಲಸವನ್ನು, ಯಾರೂ ಕೇಳದಿದ್ದರೂ, ಕೈಗೆತ್ತಿಕೊಂಡು ಕೊನೆಯವರೆಗೂ ಬಿಡದೆ ನಡೆಸಿದವರು ನಾನು ಬಲ್ಲಂತೆ ಶ್ರೀಮತಿ ಅನುಸೂಯಮ್ಮನವರೊಬ್ಬರೇ. ಹಳೇಬೀಡಿನ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿ, ಅಲ್ಲಿಂದಲೇ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಅವರ ಗೌರವಾರ್ಥ ಹೊರಬರುತ್ತಿರುವ ಈ ಸಂಪುಟಕ್ಕೆ, ಆಯುಷ್ಯವೆಲ್ಲ ವಿಷಲ್ ಊದಿಕೊಂಡು ಬದುಕಿದ ನನ್ನಿಂದಲೂ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದ್ದು ಅವರ ದೊಡ್ಡತನ.

ಹೂಮಾಲೆ ಕಟ್ಟುವುದು ನನಗೆ ಬರುವುದಿಲ್ಲ. ಮೈದಾನದಲ್ಲಿ ಕಿರುಚಿ ಕಿರುಚಿ ಗಂಟಲೂ ಒರಟು, ಮಾತೂ ಒರಟು. ಆದರೂ ಒಪ್ಪಿಕೊಂಡೆ. ಪ್ರೀತಿಯಿಂದ ಎಷ್ಟು ಒಪ್ಪಿಕೊಂಡೆನೋ ಭಯದಿಂದಲೂ ಅಷ್ಟೇ ಒಪ್ಪಿಕೊಂಡೆ. ಕೆಲವು ತಿಂಗಳಿಂದ ಮೇಡಂ ತಮ್ಮ ವಸ್ತುಗಳನ್ನು ಒಂದೊಂದಾಗಿ ಹಂಚುತ್ತ ಬಂದಿದ್ದಾರೆ. ಪುಸ್ತಕಗಳು ಕಾಲೇಜಿನ ಗ್ರಂಥಾಲಯಕ್ಕೆ ಹೋದವು. ಬೀರುವಿನ ಒಳ್ಳೊಳ್ಳೆಯ ಸೀರೆಗಳು ಸಹೋದ್ಯೋಗಿಗಳ ಮನೆ ಸೇರಿದವು. ವರ್ಷಗಟ್ಟಲೆ ಕಟ್ಟಿದ್ದ ಕೈಗಡಿಯಾರವನ್ನು ಬಿಚ್ಚಿ ಅಟೆಂಡರ್ ಮಗಳ ಕೈಗೆ ಕಟ್ಟಿದರು. ಇದನ್ನೆಲ್ಲ ಕಂಡ ಸಮಿತಿಯವರು ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿನ ಮೇಲೆ ‘ತ್ಯಾಗಮಯಿ’ ಎಂದು ಅಚ್ಚು ಹಾಕಿಸಿದರು. ಆ ಪದ ಓದಿ ನಾನು ಹೆದರಿದೆ. ಇದ್ದಕ್ಕಿದ್ದಂತೆ ಎಲ್ಲವನ್ನೂ ಹಂಚುವವರನ್ನು ಕಂಡರೆ ಚಪ್ಪಾಳೆ ತಟ್ಟಬೇಡಿ, ಮೊದಲು ಹೋಗಿ ಮಾತಾಡಿಸಿ ಎಂದು ನಮಗೆಲ್ಲ ಕಲಿಸಿದವರೇ ಈ ಮೇಡಂ. ಹೇಗೆ ಕಲಿಸಿದರು ಎಂಬುದನ್ನು ಹೇಳಿದರೆ ನನ್ನ ಭಯ ಎಂಥದ್ದೆಂದು ಓದುಗರಿಗೂ ತಿಳಿದೀತು.

ಅವರು ಹುಟ್ಟಿದ್ದು ಮಾದಿಹಳ್ಳಿಯಲ್ಲಿ. ತಂದೆ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದವರು. ಮೈಸೂರಿಗೆ ಹೋಗಿ ಓದಿದ ಆ ಮನೆಯ ಮೊದಲ ಹೆಣ್ಣುಮಗಳು ಇವರು. ಓದಿ ಬಂದ ಮೇಲೆ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಮರುಳಪ್ಪನವರ ಕೈಹಿಡಿದರು. ಅರಸೀಕೆರೆಯಲ್ಲಿ ಸಂಸಾರ, ಹಳೇಬೀಡಿನಲ್ಲಿ ಕೆಲಸ, ನಡುವೆ ದಿನನಿತ್ಯ ಬಸ್ಸು. ನಿಂತುಕೊಂಡೇ ಪ್ರಯಾಣ ಮಾಡಿ, ಇಳಿದ ಕೂಡಲೇ ಪಾಠ ಮಾಡಿ, ಸಂಜೆ ಮತ್ತೆ ನಿಂತುಕೊಂಡೇ ಬಂದು, ಮನೆಯಲ್ಲಿ ಒಲೆ ಹಚ್ಚಿದವರು. ಅವರು ಒಂದು ದಿನವೂ ಆಟ ಆಡಿದವರಲ್ಲ. ಜಾವೆಲಿನ್ ಯಾವುದು, ಡಿಸ್ಕಸ್ ಯಾವುದು ಎಂದು ನಾನೇ ಅವರಿಗೆ ತೋರಿಸಿಕೊಟ್ಟವನು.

ನಾನು ಅವರನ್ನು ಮೊದಲು ಕಂಡದ್ದು ಬೇಲೂರಿನಲ್ಲಿ ನಡೆದ ಒಂದು ಕ್ರೀಡಾಕೂಟದಲ್ಲಿ. ಅವರ ಕಾಲೇಜಿನ ದೈಹಿಕ ಶಿಕ್ಷಕರು ರಜೆಯಲ್ಲಿದ್ದರೆಂದು ಹುಡುಗರ ಜೊತೆಗೆ ಇವರನ್ನು ಕಳಿಸಿದ್ದರು. ಗುಂಡು ಎಸೆಯುವ ಹುಡುಗನೊಬ್ಬ, ಯಾವ ಊರಿನವನೋ ಏನೋ, ತನ್ನ ಸರದಿ ಬಂದಾಗ ಗಡಗಡ ನಡುಗುತ್ತ ಕೂತುಬಿಟ್ಟ. ಅವನ ಕೋಚ್ ಎಲ್ಲರೆದುರಿಗೆ ಕೆನ್ನೆಗೆ ಬಾರಿಸಿದ. ಅದು ನಮಗೆ ದಿನನಿತ್ಯದ ನೋಟ. ಯಾರೂ ತಲೆ ಎತ್ತಲಿಲ್ಲ. ಮೇಡಂ ಮಾತ್ರ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಹುಡುಗನ ಪಕ್ಕ ಮಣ್ಣಿನಲ್ಲಿ ಕೂತರು. ಆಮೇಲೆ ತೀರ್ಪುಗಾರನಾಗಿ ನಿಂತಿದ್ದ ನನ್ನ ಹತ್ತಿರ ಬಂದು, “ಸಾರ್, ಅವನ ಕಾಲು ಮುರಿದಿದ್ದರೆ ಹೊಡೀತಿದ್ರಾ?” ಎಂದು ಕೇಳಿದರು.

“ಕಾಲು ಮುರಿದಿಲ್ವಲ್ಲ ಮೇಡಂ” ಎಂದೆ.

“ಅದನ್ನೇ ಹೇಳ್ತಿರೋದು ನಾನು. ಮುರಿದಿರೋದು ನಿಮಗೆ ಕಾಣಿಸ್ತಿಲ್ಲ ಅಷ್ಟೇ.”

ಆ ಕ್ಷಣಕ್ಕೆ ನನಗೆ ಸಿಟ್ಟು ಬಂತು. ಪಾಠ ಹೇಳುವವರು ಪಾಠ ಹೇಳಿಕೊಂಡಿರಲಿ, ಮೈದಾನದ ವಿಷಯ ಇವರಿಗೇಕೆ ಅನ್ನಿಸಿತು. ಆದರೆ ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ಮುಂದಿನ ವರ್ಷ ಅರಸೀಕೆರೆಯಲ್ಲಿ ತರಬೇತುದಾರರಿಗೆಂದು ಅವರು ಮೊದಲ ಕಾರ್ಯಾಗಾರ ನಡೆಸಲು ಹೊರಟಾಗ ಸಭಾಂಗಣ ಗೊತ್ತುಮಾಡಿದವನು, ಕೋಚ್‌ಗಳ ಮನೆ ಮನೆಗೆ ಹೋಗಿ ಗೋಗರೆದು ಕರೆತಂದವನು ನಾನೇ.

ಬಂದವರಲ್ಲಿ ಹಿರಿಯರೆಂದರೆ ಜಯದೇವಪ್ಪನವರು. ಊರಾಚೆ ಸ್ವಂತ ಖರ್ಚಿನಲ್ಲಿ ಒಂದು ಟ್ರ್ಯಾಕ್ ಮಾಡಿಕೊಂಡು ಬಡಮಕ್ಕಳನ್ನು ಓಡಿಸಿ ರಾಷ್ಟ್ರಮಟ್ಟಕ್ಕೆ ಕಳಿಸಿದವರು. ಕೆಟ್ಟ ಮನುಷ್ಯರಲ್ಲ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಅವರು ಕಾಲ ಮೇಲೆ ಕಾಲು ಹಾಕಿ ಕೂತು, “ಮೇಡಂ, ನೀವು ಯಾವತ್ತಾದ್ರೂ ಓಡಿದ್ದೀರಾ?” ಎಂದರು.

“ಬಸ್ ಹಿಡಿಯೋಕೆ ದಿನಾ ಓಡ್ತೀನಿ ಕಣ್ರೀ” ಎಂದರು ಮೇಡಂ. ಸಭೆ ಗೊಳ್ಳೆಂದು ನಕ್ಕಿತು. ಆ ನಗುವಿನಲ್ಲೇ ಅವರು ಕೆಲಸ ಶುರು ಮಾಡಿದರು. ಭಾಷಣ ಮಾಡುವುದು ಅವರ ಪದ್ಧತಿಯಲ್ಲ. ಕುರ್ಚಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ನಮ್ಮನ್ನು ನೆಲದ ಮೇಲೆ ಕೂರಿಸಿ, ಒಬ್ಬೊಬ್ಬರಿಗೂ ಒಂದೇ ಕೆಲಸ ಹೇಳಿದರು: ನಿಮ್ಮ ಅತ್ಯುತ್ತಮ ಆಟಗಾರನ ಬಗ್ಗೆ ಮಾತಾಡಿ, ಟೈಮಿಂಗ್ ಹೇಳಬೇಡಿ, ಪದಕ ಹೇಳಬೇಡಿ, ತೂಕ ಹೇಳಬೇಡಿ. ಅಷ್ಟೇ. ಅಲ್ಲಿಯವರೆಗೆ ಗದ್ದಲ ಮಾಡುತ್ತಿದ್ದ ಗಂಡಸರೆಲ್ಲ ನೆಲ ನೋಡತೊಡಗಿದರು. ಜಯದೇವಪ್ಪನವರ ಸರದಿ ಬಂದಾಗ ಅವರು, “ನಮ್ಮ ಧನುಶ್ರೀ... ಒಳ್ಳೇ ಹುಡುಗಿ. ಮಾತೇ ಆಡಲ್ಲ” ಎಂದರು. ಮಾತಾಡದಿರುವುದು ನಮ್ಮ ಮೈದಾನಗಳಲ್ಲಿ ಶಿಸ್ತಿನ ಲಕ್ಷಣ. ಮೇಡಂ ಮಾತ್ರ, “ಮೊದಲಿಂದ ಹಾಗೇನಾ, ಈಚೆಗಾ?” ಎಂದು ಕೇಳಿದರು. ಜಯದೇವಪ್ಪನವರಿಗೆ ಅದು ಗೊತ್ತಿರಲಿಲ್ಲ.

ಧನುಶ್ರೀಯ ವಿಷಯಕ್ಕೆ ಬರುವ ಮೊದಲು ಲಕ್ಕಪ್ಪನ ಕತೆ ಹೇಳಬೇಕು. ಮೇಡಂ ಹೇಗೆ ಕೆಲಸ ಮಾಡುತ್ತಿದ್ದರೆಂಬುದು ಅದರಿಂದ ತಿಳಿಯುತ್ತದೆ. ಲಕ್ಕಪ್ಪ ಬಿಕ್ಕೋಡಿನ ಕಡೆಯವನು, ಎಸ್ಟೇಟ್ ಕೂಲಿಗಳ ಮಗ, ಜಾವೆಲಿನ್ ಎಸೆದರೆ ಕಣ್ಣಿಗೆ ಹಬ್ಬ. ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದು ಬಂದ ಮೇಲೆ ಹುಡುಗ ಚಾಪೆ ಬಿಟ್ಟು ಏಳಲೊಲ್ಲ. ಊಟ ಇಲ್ಲ, ಸ್ನಾನ ಇಲ್ಲ. ಅವನ ಕೋಚ್ ಸ್ವಾಮಿ ಮೊದಲು ಸೋಮಾರಿತನ ಎಂದು ಬೈದ, ಆಮೇಲೆ ನಾಟಕ ಎಂದು ಬೈದ, ಕೊನೆಗೆ ದೃಷ್ಟಿ ತಾಗಿದೆ ಎಂದು ತೀರ್ಮಾನಿಸಿ ಕಾಯಿ ನೀವಾಳಿಸಲು ಏರ್ಪಾಡು ಮಾಡಿದ. ಸುದ್ದಿ ತಿಳಿದು ಮೇಡಂ ಮತ್ತು ನಾನು ಜೀಪಿನಲ್ಲಿ ಹೋದೆವು. ಓದಿದವರು, ಇದೇನು ಮೂಢನಂಬಿಕೆ ಎಂದು ಗದರುತ್ತಾರೆಂದು ನಾನು ಕಾದೆ. ಮೇಡಂ ಸುಮ್ಮನೆ ಕೈಕಟ್ಟಿ ನಿಂತು, ನೀವಾಳಿಸಿದ್ದು ಮುಗಿದು ಕಾಯಿ ಒಡೆದ ಮೇಲೆ, ಹುಡುಗನ ತಾಯಿಯ ಹತ್ತಿರ ಹೋಗಿ, “ದೃಷ್ಟಿ ತೆಗೆದಿದ್ದಾಯ್ತಲ್ಲ ತಾಯಿ. ಈಗ ಡಾಕ್ಟರ್‌ಗೂ ತೋರಿಸಿಬಿಡೋಣ, ಜೀಪು ನಿಂತಿದೆ” ಎಂದರು. ಅವರ ನಂಬಿಕೆಯನ್ನು ಹೀಯಾಳಿಸಿದ್ದರೆ ಆ ತಾಯಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಲಕ್ಕಪ್ಪ ಹಾಸನದ ಮನೋವೈದ್ಯರ ಹತ್ತಿರ ಬಂದ, ಮಾತ್ರೆ ನುಂಗಿದ, ತಿಂಗಳುಗಳ ಮೇಲೆ ಎದ್ದು ಕೂತ. ಮತ್ತೆ ಜಾವೆಲಿನ್ ಮುಟ್ಟಲಿಲ್ಲ. ಈಗ ಬಸ್ ಕಂಡಕ್ಟರ್ ಆಗಿದ್ದಾನೆ. ಮೇಡಂ ಹತ್ತಿದರೆ ಯಾರನ್ನಾದರೂ ಎಬ್ಬಿಸಿ ಸೀಟು ಕೊಡಿಸುತ್ತಾನೆ. ಸ್ವಾಮಿಗೆ ಮಾತ್ರ ಇವತ್ತಿಗೂ ಹೊಟ್ಟೆಯುರಿ: “ನನ್ನ ಇಂಡಿಯಾ ಮೆಡಲ್‌ನ ಕಂಡಕ್ಟರ್ ಮಾಡಿಬಿಟ್ರು ನಿಮ್ಮ ಮೇಡಂ” ಎನ್ನುತ್ತಾನೆ. ಹುಡುಗ ಬದುಕಿದ್ದಾನಲ್ಲೋ ಮಾರಾಯ ಎಂದರೆ ಅದು ಅವನ ಕಿವಿಗೆ ಬೀಳುವುದಿಲ್ಲ.

ಇನ್ನು ಧನುಶ್ರೀ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು.

ಗಂಡಸಿಯ ಗಿಡ್ಡಯ್ಯ ಮತ್ತು ಸಣ್ಣತಾಯಮ್ಮನವರ ಮಗಳು. ನಾನ್ನೂರು ಮೀಟರ್ ಓಟಗಾರ್ತಿ. ಜಯದೇವಪ್ಪನವರ ಟ್ರ್ಯಾಕಿನಲ್ಲಿ ಬೆಳೆದು ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆಯಾದವಳು. ಶಿಬಿರಕ್ಕೆ ಹೊರಡುವ ಮುಂಚೆ ಟ್ರ್ಯಾಕಿನ ಪಕ್ಕದಲ್ಲೇ ಶಾಮಿಯಾನ ಹಾಕಿ ಅವಳಿಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಮೇಡಂ ಮತ್ತು ನಾನು ವೇದಿಕೆಯ ಮೇಲಿದ್ದೆವು.

ನಮ್ಮ ಕಡೆಯ ಮೈದಾನಗಳಲ್ಲಿ ಒಂದು ಪದ್ಧತಿ ಉಂಟು. ಪೊಲೀಸ್ ಕೆಲಸ ಸಿಕ್ಕಿಯೋ, ಮದುವೆಯಾಗಿಯೋ ಓಟ ಬಿಟ್ಟು ಹೋಗುವವರು ತಮ್ಮ ಸ್ಪೈಕ್ಸ್ ಅನ್ನು, ಅಂದರೆ ಅಡಿಗೆ ಮೊಳೆಗಳಿರುವ ಓಟದ ಬೂಟನ್ನು, ತೊಳೆದು ಒಣಗಿಸಿ, ಕುಂಕುಮ ಇಟ್ಟು, ಕಿರಿಯರೊಬ್ಬರಿಗೆ ಒಪ್ಪಿಸಿ ಹೋಗುತ್ತಾರೆ. ಅವತ್ತು ಧನುಶ್ರೀ ತನ್ನ ಸ್ಪೈಕ್ಸ್ ಅನ್ನು ಕುಂಕುಮ ಇಟ್ಟು ತಂದು ಹೇಮಾಶ್ರೀ ಎಂಬ ಕಿರಿಯ ಓಟಗಾರ್ತಿಯ ಕೈಗೆ ಕೊಟ್ಟಳು. ಜಯದೇವಪ್ಪನವರ ಕಣ್ಣು ತುಂಬಿತು. ಮೈಕ್ ಹಿಡಿದು, “ನೋಡ್ರಪ್ಪಾ, ದೊಡ್ಡ ಮನಸ್ಸು ಅಂದ್ರೆ ಇದು! ನ್ಯಾಷನಲ್ಸ್ ಓಡೋಕ್ ಮುಂಚೆನೇ ತನ್ನ ಬೂಟು ತಂಗಿಗೆ ಕೊಡ್ತಾವ್ಳೆ!” ಎಂದರು. ಶಾಮಿಯಾನ ಹಾರುವಂತೆ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಮೇಡಂ ತಟ್ಟಲಿಲ್ಲ. ನನ್ನ ಕಡೆ ಬಾಗಿ, “ಬಸವಕುಮಾರ್, ಈಗ ಅವಳ ಕಾಲಿಗೆ ಏನಿದೆ?” ಎಂದು ಕೇಳಿದರು.

“ಹೊಸ ಜೊತೆ ಬರುತ್ತೇನೋ ಮೇಡಂ.”

“ಬರುತ್ತೇನೋ ಅಂದ್ರೆ? ಯಾರಾದ್ರೂ ಕೇಳಿದ್ದೀರಾ?”

ಯಾರೂ ಕೇಳಿರಲಿಲ್ಲ. ಹೊಸ ಜೊತೆ ಬರುವುದೂ ಇರಲಿಲ್ಲ. ಭಾಷಣ ನಡೆಯುತ್ತಿರುವಾಗಲೇ ಮೇಡಂ ವೇದಿಕೆ ಇಳಿದು ಹೋಗಿ ಹುಡುಗಿಯನ್ನು ಅದೇ ಪ್ರಶ್ನೆ ಕೇಳಿದರು. ಅವಳು ನಗುತ್ತ, “ನಂಗಿನ್ನು ಬೇಕಾಗಲ್ಲ ಮೇಡಂ” ಎಂದಳಂತೆ. ಎಷ್ಟೋ ದಿನದ ಮೇಲೆ ನಕ್ಕಳಲ್ಲ ಎಂದು ಜಯದೇವಪ್ಪನವರು ದೂರದಿಂದ ಕಂಡು ಸಂತೋಷಪಟ್ಟರು. ಮೇಡಂ ಅವಳ ಕೈಹಿಡಿದು ಸಾಮಾನಿನ ಕೋಣೆಗೆ ಕರೆದೊಯ್ದು, ಹೆಣ್ಣುಮಕ್ಕಳನ್ನು ಯಾರೂ ಕೇಳದ ಮಾತನ್ನು ನೇರವಾಗಿ ಕೇಳಿದರು: “ಸಾಯಬೇಕು ಅನ್ನಿಸ್ತಿದೆಯಾ ಧನು?” ಹುಡುಗಿ ಅವರ ಹೆಗಲಿಗೆ ಮುಖ ಒತ್ತಿ ಹೌದೆಂದು ತಲೆಯಾಡಿಸಿದಳು. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲ, ಒಳಗೆ ಕಟ್ಟಿಕೊಂಡಿದ್ದು ಹೊರಗೆ ಬರಲು ದಾರಿಯಾಗುತ್ತದೆ ಎಂದು ಮೇಡಂ ನಮಗೆ ಎಷ್ಟು ಸಲ ಹೇಳಿದ್ದಾರೋ!

ಮಾರನೆಯ ಬೆಳಗ್ಗೆಯೇ ಗಂಡಸಿಗೆ ಹೋದೆವು. ಸಣ್ಣತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, “ಮನೇಗ್ ಬಂದಾಗೆಲ್ಲ ಅನ್ನ ಕಲಸ್ಕೊಂಡು ಸುಮ್ಕೆ ಕುಂತಿರೋಳು ಕಣವ್ವ, ಒಂದ್ ತುತ್ತೂ ಬಾಯ್ಗಿಡ್ತಿರ್ಲಿಲ್ಲ. ಸಾರ್‌ಗೆ ಯೋಳ್ದೆ. ವೇಯ್ಟ್ ಇಳಿಸ್ತಾವ್ಳೆ, ಒಳ್ಳೇದು ಬಿಡಮ್ಮ ಅಂದ್ರು” ಎಂದಳು. ಹಾಸನದ ವೈದ್ಯರಿಗೆ ತೋರಿಸಲು ತಂದೆತಾಯಿ ಒಪ್ಪಿದರು. ಒಪ್ಪದಿದ್ದವರು ಜಯದೇವಪ್ಪನವರು. “ಈಗ ಮನಸ್ಸಿನ ಡಾಕ್ಟರ್ ಅಂದ್ರೆ ಆಯ್ಕೆ ಮಾಡೋರ ಕಿವಿಗೆ ಬೀಳ್ತದೆ ಮೇಡಂ. ಹುಚ್ಚಿ ಅಂತ ಹಣೆಪಟ್ಟಿ ಕಟ್ತಾರೆ, ಹುಡುಗಿ ಜೀವನವೇ ಹಾಳು. ನ್ಯಾಷನಲ್ಸ್ ಒಂದು ಮುಗೀಲಿ, ನಾನೇ ಕರ್ಕೊಂಡೋಗ್ತೀನಿ” ಎಂದರು. ಮೇಡಂ ಜಗಳವಾಡಿದರು, ಬೇಡಿಕೊಂಡರು. ಕೊನೆಗೆ ಅವರು, ಶಿಬಿರದಲ್ಲೇ ಡಾಕ್ಟರ್ ಇರುತ್ತಾರೆ, ಹೋದ ಕೂಡಲೇ ತೋರಿಸುತ್ತೇನೆ ಎಂದು ಮಾತುಕೊಟ್ಟರು. ಗಿಡ್ಡಯ್ಯ ಮೇಡಂ ಮುಖ ನೋಡಿದ. ಮೇಡಂ ಒಂದು ಗಳಿಗೆ ತಡೆದು, ಆಗಲಿ ಎಂದರು. ಅರಸೀಕೆರೆ ಸ್ಟೇಷನ್ನಿನಲ್ಲಿ ಹುಡುಗಿಯನ್ನು ಜಯದೇವಪ್ಪನವರ ಜೊತೆ ರೈಲು ಹತ್ತಿಸಿದೆವು.

ಜಯದೇವಪ್ಪನವರು ಮಾತು ತಪ್ಪಲಿಲ್ಲ. ಹೋದ ದಿನವೇ ಡಾಕ್ಟರ್‌ಗೆ ತೋರಿಸಿದರು. ಅಯ್ಯೋ, ಆ ಶಿಬಿರದಲ್ಲಿದ್ದದ್ದು ಸ್ನಾಯು ಮೂಳೆ ನೋಡುವ ಡಾಕ್ಟರ್! ಅವರು ತೊಡೆ, ಮೀನಖಂಡ, ಹಿಮ್ಮಡಿ ಎಲ್ಲ ಒತ್ತಿ ನೋಡಿ, ಹುಡುಗಿ ಪೂರ್ತಿ ಫಿಟ್ ಎಂದು ಹೇಳಿದರು. ಡಾಕ್ಟರ್ ಎಂದ ಮೇಲೆ ಎಲ್ಲ ನೋಡುತ್ತಾರೆಂದು ಜಯದೇವಪ್ಪನವರು ನಂಬಿದ್ದರು. ಮೈ ಸರಿಯಿದ್ದರೆ ಎಲ್ಲ ಸರಿ ಎಂದು ನಾವು ಮೈದಾನದವರೆಲ್ಲ ನಂಬಿದ್ದೇವಲ್ಲ, ಅದೇ ನಂಬಿಕೆ. ಫೋನ್ ಮಾಡಿ, “ಫಿಟ್ ಅಂದ್ರು ಮೇಡಂ, ಸುಮ್ನೆ ಗಾಬರಿ ಆಗಿದ್ರಿ” ಎಂದು ನಕ್ಕರು. ಯಾವ ಡಾಕ್ಟರ್ ಎಂದು ವಿಚಾರಿಸಿ ತಿಳಿದು ಮೇಡಂ ರೈಲಿಗೆ ಹೊರಡುವಷ್ಟರಲ್ಲಿ ಸುದ್ದಿ ಬಂತು. ಧನುಶ್ರೀ ತನ್ನ ಜೀವ ತಾನೇ ತೆಗೆದುಕೊಂಡಿದ್ದಳು. ಇದಕ್ಕಿಂತ ಹೆಚ್ಚು ಬರೆಯಲಾರೆ; ಬರೆಯಬಾರದೆಂದೂ ಮೇಡಂ ಕಲಿಸಿದ್ದಾರೆ.

ಮಣ್ಣು ಮಾಡಿ ಬಂದ ಮೇಲೆ ಗಿಡ್ಡಯ್ಯ ಅಂಗಳದಲ್ಲಿ ಕೂತು ಮೇಡಂಗೆ ಹೇಳಿದ ಮಾತನ್ನು ನಾನು ಪಕ್ಕದಲ್ಲಿ ನಿಂತು ಕೇಳಿದೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಎಲ್ರೂ ಕಾಲ್ ನೋಡುದ್ರು ಕಣವ್ವ. ನೀನೊಬ್ಳೇ ಮೊಕ ನೋಡ್ದೋಳು. ನೀನೂ ಕಳಿಸ್ಬುಟ್ಯಲ್ಲ.” ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ವಾಪಸು ಬರುವಾಗ ಮೇಡಂ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಜಯದೇವಪ್ಪನವರು ಟ್ರ್ಯಾಕ್ ಮುಚ್ಚಿದರು. ಈಗ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಆಳುಗಳಿಂದ ಅಲ್ಲಿ ತೆಂಗಿನ ಸಸಿ ನೆಡಿಸಿದ್ದಾರೆ. ಹೇಮಾಶ್ರೀ ಆ ಸ್ಪೈಕ್ಸ್ ಅನ್ನು ಒಂದು ದಿನವೂ ಮೆಟ್ಟದೆ ಮೇಡಂ ಮನೆಗೆ ತಂದುಕೊಟ್ಟು ಹೋದಳು. ಅಲ್ಲಿಂದ ಮುಂದೆ ಮೇಡಂ ಯಾವ ಕಾರ್ಯಾಗಾರಕ್ಕೆ ಹೋದರೂ ಆ ಸ್ಪೈಕ್ಸ್ ಅವರ ಚೀಲದಲ್ಲಿ ಇರುತ್ತಿತ್ತು. ನಡುವೆ ಇಟ್ಟು, ನಡೆದದ್ದನ್ನು ಹೆಸರು ಹೇಳದೆ ಹೇಳಿ, “ಇದನ್ನು ಕೊಟ್ಟಾಗ ನೀವಿದ್ದಿದ್ದರೆ ಏನು ಕೇಳ್ತಿದ್ರಿ?” ಎನ್ನುತ್ತಿದ್ದರು. ಕೇಳಿದವರಲ್ಲಿ ಕೆಲವರು ಅತ್ತರು. ಬಹಳ ಜನ ಊಟಕ್ಕೆ ಏನಿದೆ ಎಂದು ವಿಚಾರಿಸಿ, ಪ್ರಮಾಣಪತ್ರ ಮಡಚಿ ಜೇಬಿಗಿಟ್ಟುಕೊಂಡು ಹೋದರು.

ಒಳ್ಳೆಯದೇ ಬರೆಯಬೇಕೆಂಬ ಸಂಪುಟದಲ್ಲಿ ಇದನ್ನು ಬರೆಯಬಾರದೇನೋ. ಆದರೆ ಸತ್ಯ ಇದು. ಅವರು ಇಷ್ಟು ವರ್ಷ ಊರೂರು ಅಲೆದು ಹೇಳಿದ್ದನ್ನು ನಾವು ಕಲಿತಿಲ್ಲ. ಹೋದ ವರ್ಷ ಬೇಲೂರಿನ ಕಾರ್ಯಾಗಾರ ಮುಗಿದ ಮೇಲೆ ಎಳೆಯ ಕೋಚ್ ಒಬ್ಬ ಬಂದು, “ಮೇಡಂ, ಇದರಿಂದ ಟೈಮಿಂಗ್ ಎಷ್ಟು ಕಮ್ಮಿ ಆಗುತ್ತೆ?” ಎಂದು ಕೇಳಿದನಂತೆ. ಅದನ್ನು ನನಗೆ ಹೇಳಿ ಮೇಡಂ ನಕ್ಕರು. ನಗುತ್ತ ನಗುತ್ತ ಅಳತೊಡಗಿದರು. ಆಮೇಲೆ ಕಾರ್ಯಾಗಾರಕ್ಕೆ ಬರುತ್ತಿದ್ದ ಅಷ್ಟಿಷ್ಟು ನೆರವೂ ನಿಂತಿತು. ಅವರ ಜಾಗಕ್ಕೆ ಮುಂದೆ ಯಾರೂ ಬರುವುದಿಲ್ಲ ಎಂದು ಕಾಲೇಜಿನವರು ಹೇಳುತ್ತಿದ್ದಾರೆ. ಮೈದಾನದಲ್ಲಿ ಈಗಲೂ ಕೆನ್ನೆಗೆ ಬಾರಿಸುತ್ತಾರೆ, ಊಟ ಬಿಟ್ಟವಳನ್ನು ಶಿಸ್ತಿನವಳು ಎನ್ನುತ್ತಾರೆ.

ಇಷ್ಟು ತಿಳಿದ ಮೇಲೆ ‘ತ್ಯಾಗಮಯಿ’ ಎಂಬ ಪದ ನನ್ನ ನಿದ್ದೆಗೆಡಿಸಿದ್ದು ಏಕೆಂದು ಓದುಗರಿಗೆ ಅರ್ಥವಾಗಿರಬಹುದು. ಆಹ್ವಾನ ಪತ್ರಿಕೆ ಕೈಗೆ ಬಂದ ದಿನವೇ ಮೇಡಂ ಮನೆಗೆ ಹೋದೆ. ಬಾಗಿಲು ತೆಗೆದ ಮರುಳಪ್ಪನವರು, “ಮನೇನೆಲ್ಲ ಖಾಲಿ ಮಾಡ್ತಾವ್ಳೆ ಕಣ್ರೀ. ಹಗುರಾಗ್ಬೇಕು ಅಂತಾಳೆ. ಒಳ್ಳೇದೇ ಅಲ್ವಾ?” ಎಂದು ನಗುತ್ತ ಕಾಫಿ ಮಾಡಲು ಒಳಗೆ ಹೋದರು. ಬೀರುವಿನ ಬಾಗಿಲು ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಮೇಡಂ ಶಾಂತವಾಗಿದ್ದರು. ಬಹಳ ದಿನಗಳಿಂದ ಅವರನ್ನು ಅಷ್ಟು ಶಾಂತವಾಗಿ ಕಂಡಿರಲಿಲ್ಲ. ಮೇಜಿನ ಮೇಲಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಗಂಟನ್ನು ತೆಗೆದು ನನ್ನ ಕೈಗಿಟ್ಟು, “ಇನ್ನು ಇದು ನಿಮ್ಮ ಹತ್ರ ಇರಲಿ ಬಸವಕುಮಾರ್” ಎಂದರು. ಬಿಚ್ಚಿದೆ. ಧನುಶ್ರೀಯ ಸ್ಪೈಕ್ಸ್. ಹೊಸದಾಗಿ ಕುಂಕುಮ ಇಟ್ಟಿತ್ತು.

ಅದನ್ನು ಹಿಡಿದುಕೊಂಡೇ ಕೇಳಿದೆ. “ಮೇಡಂ, ಈಗ ನಿಮ್ಮ ಕೈಗೆ ಏನಿದೆ?”

ಅವರು ನನ್ನ ಮುಖವನ್ನೇ ನೋಡಿದರು. “ಕಲಿತುಬಿಟ್ರಲ್ಲ” ಎಂದರು. ಆಮೇಲೆ, “ಏನೂ ಇಲ್ಲ ಕಣ್ರೀ. ಏನೂ ಉಳಿದಿಲ್ಲ” ಎಂದರು.

ಎರಡನೆಯ ಪ್ರಶ್ನೆಯನ್ನೂ ಅವರೇ ಕಲಿಸಿದ್ದರು. ಹಿರಿಯರನ್ನು, ಗುರುವಿನಂಥವರನ್ನು ಅದನ್ನು ಹೇಗೆ ಕೇಳುವುದು? ಕೇಳಿಯೇಬಿಟ್ಟೆ. “ಸಾಯಬೇಕು ಅನ್ನಿಸ್ತಿದೆಯಾ ಮೇಡಂ?” ಮರುಳಪ್ಪನವರು ಕಾಫಿ ಲೋಟಗಳನ್ನು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಮೇಡಂ ಗಂಡನ ಕಡೆ ನೋಡದೆ, “ಹೂಂ” ಎಂದರು. “ನಾನೇ ಆಗಲಿ ಅಂದೆ ಬಸವಕುಮಾರ್. ಗಿಡ್ಡಯ್ಯ ನನ್ನ ಮುಖ ನೋಡ್ದ, ನಾನು ಆಗಲಿ ಅಂದೆ. ಎಷ್ಟು ಜನರಿಗೆ ಹೇಳಿದ್ರೂ ಅದು ಅಳಿಸಿ ಹೋಗಲಿಲ್ಲ.”

ಮರುಳಪ್ಪನವರು ಲೋಟಗಳನ್ನು ನೆಲದ ಮೇಲಿಟ್ಟು ಹೆಂಡತಿಯ ಪಕ್ಕ ಕೂತು, “ನಂಗ್ಯಾಕೆ ಹೇಳ್ಲಿಲ್ಲ ಅನೂ? ನಂಗ್ಯಾಕೆ ಹೇಳ್ಲಿಲ್ಲ?” ಎಂದು ಮಗುವಿನ ಹಾಗೆ ಅತ್ತರು. ನಾಳೆ ಬೆಳಗ್ಗೆ ಹಾಸನಕ್ಕೆ ಹೋಗಿ ಡಾಕ್ಟರ್ ಕಾಣೋಣ ಎಂದರು ಮೇಡಂ. ನಾಳೆ ಇಲ್ಲ ಮೇಡಂ, ಈಗಲೇ ಎಂದೆ. ಮೊದಲ ಬಾರಿಗೆ ಅವರ ಮೇಲೆ ದನಿ ಎತ್ತಿದೆ. ಕೊಬ್ಬರಿ ಚೀಲಗಳನ್ನು ಕೆಳಗಿಳಿಸಿ, ಮರುಳಪ್ಪನವರ ಜೀಪಿನಲ್ಲೇ ಮೂವರೂ ಹೊರಟೆವು. ವೈದ್ಯರ ಕೋಣೆಯ ಬಾಗಿಲವರೆಗೂ ಅವರ ಕೈ ಬಿಡಲಿಲ್ಲ.

ಚಿಕಿತ್ಸೆ ನಡೆದಿದೆ. ಗುಣವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ಮಾತಾಡುತ್ತಾರೆ, ಕೆಲವು ದಿನ ಗೋಡೆ ಕಡೆ ತಿರುಗಿ ಮಲಗಿರುತ್ತಾರೆ. ಮಾತ್ರೆ ನುಂಗಿಸಲು ಮರುಳಪ್ಪನವರು ಗದ್ದಲ ಮಾಡುತ್ತಾರೆ. ಇದೆಲ್ಲವನ್ನೂ ಅಚ್ಚಿಗೆ ಹಾಕಬಹುದೇ ಎಂದು ಕೇಳಿದಾಗ ಮೇಡಂ, “ಬರೀರಿ. ನಾನೇ ಮುಚ್ಚಿಟ್ಟರೆ ಇಷ್ಟು ವರ್ಷ ಆಡಿದ್ದೆಲ್ಲ ಸುಳ್ಳಾಗುತ್ತೆ. ಆ ತ್ಯಾಗಮಯಿ ಮಾತ್ರ ತೆಗೆಸಿ ಪುಣ್ಯಾತ್ಮ” ಎಂದರು. ತೆಗೆಸಿದ್ದೇನೆ. ಸಮಿತಿಯವರಿಗೆ ಬೇಸರವಾಗಿದೆ, ಆಗಲಿ. ನಿವೃತ್ತಿಯ ಸಮಾರಂಭದಲ್ಲಿ ಅವರಿಗೆ ಶಾಲು ಹೊದಿಸಲು ಬರುವ ತರಬೇತುದಾರರಲ್ಲಿ ನನ್ನದೊಂದು ವಿನಂತಿ: ಹಣ್ಣಿನ ಬುಟ್ಟಿ ತರದಿದ್ದರೂ ಚಿಂತೆಯಿಲ್ಲ, ಅವರ ಹತ್ತಿರ ಕೂತು ಹೇಗಿದ್ದೀರಿ ಎಂದು ಕೇಳಿ, ಉತ್ತರ ಬರುವವರೆಗೆ ಏಳಬೇಡಿ.

ನೂರು ವರ್ಷ ಬಾಳಿ, ನಿಮ್ಮ ಸೇವೆ ಹೀಗೇ ಮುಂದುವರಿಯಲಿ ಎಂದು ಇಂಥ ಲೇಖನದ ಕೊನೆಗೆ ಹಾರೈಸುವುದು ವಾಡಿಕೆ. ಮೇಡಂ, ಅಷ್ಟು ದೂರ ಹಾರೈಸುವ ಧೈರ್ಯ ನನಗಿಲ್ಲ. ನಿಮ್ಮ ಸೇವೆಯೂ ನನಗೆ ಬೇಡ, ಸಾಕಷ್ಟು ಆಯಿತು. ನಾಳೆ ಬೆಳಗ್ಗೆ ನೀವು ಇರಬೇಕು. ನಾಳಿದ್ದೂ ಇರಬೇಕು. ಅವತ್ತು ಸ್ಪೈಕ್ಸ್ ನಾನು ತೆಗೆದುಕೊಳ್ಳಲಿಲ್ಲ, ಕುಂಕುಮ ಒರೆಸಿ ನಿಮ್ಮ ಮೇಜಿನ ಮೇಲೆಯೇ ಇಟ್ಟು ಬಂದೆ. ಹುಡುಗರನ್ನು ಓಡಿಸಿ ಮುಗಿಸಿ ದಿನಾ ಬೆಳಗ್ಗೆ ನಿಮ್ಮ ಮನೆಗೆ ಬರುತ್ತೇನೆ. ನೀವು ಮಾತಾಡಿದರೆ ಮಾತಾಡುತ್ತೇನೆ, ಗೋಡೆ ಕಡೆ ತಿರುಗಿದ್ದರೆ ಸುಮ್ಮನೆ ಕೂತಿರುತ್ತೇನೆ. ಆ ಸ್ಪೈಕ್ಸ್ ನಿಮ್ಮ ಮೇಜಿನ ಮೇಲೆಯೇ ಇದೆಯೇ ಎಂದು ನೋಡಿಕೊಂಡು, ಮರುಳಪ್ಪನವರು ಮಾಡಿದ ಕಾಫಿ ಕುಡಿದು ಹೋಗುತ್ತೇನೆ.